ಆಮೇಲೆ ಬಿಡೋಣ ಅಂದ ಸಿಗರೇಟು

ಕುಡಿತ ಬಿಟ್ಟು ಆರು ವರ್ಷ ಎರಡು ತಿಂಗಳಾಗಿತ್ತು. ಒಂದು ರಾತ್ರಿ ಹನ್ನೊಂದು ಗಂಟೆಗೆ ನಾನು ಅಡುಗೆಮನೆಯಲ್ಲಿ ನಿಂತುಕೊಂಡು, ಈ ಹೊತ್ತಿನಲ್ಲಿ ಹೊರಗೆ ಹೋದರೆ ಎಲ್ಲಿ ಕುಡಿಯಲು ಸಿಗುತ್ತದೆ ಅಂತ ಲೆಕ್ಕ ಹಾಕುತ್ತಿದ್ದೆ. ಸುಮ್ನೆ ಬಂದು ಹೋಗುವ ಯೋಚನೆಯಾಗಿರಲಿಲ್ಲ ಅದು. ಯಾವ ದಾರಿ, ಎಷ್ಟು ಹೊತ್ತು, ಹೆಂಡತಿಗೆ ಏನು ಹೇಳುವುದು, ಎಲ್ಲವೂ ತಲೆಯಲ್ಲಿ ತಯಾರಾಗಿತ್ತು. ಚಪ್ಪಲಿ ಹಾಕಿಕೊಳ್ಳುವುದೊಂದೇ ಬಾಕಿ.

ಆ ಆರು ವರ್ಷಗಳಲ್ಲಿ ನನ್ನ ಕೆಲಸ ಹೋಗಿತ್ತು. ಅಪ್ಪ ತೀರಿಕೊಂಡಿದ್ದರು. ಮಗಳು ಎರಡು ವಾರ ಆಸ್ಪತ್ರೆಯಲ್ಲಿ ಮಲಗಿದ್ದಳು. ಆಗೆಲ್ಲ ಕುಡಿತದ ಇಷ್ಟು ಹತ್ತಿರ ನಾನು ಹೋಗಿರಲಿಲ್ಲ. ಅವತ್ತು ಏನೂ ಆಗಿರಲಿಲ್ಲ. ಸಿಗರೇಟು ಬಿಟ್ಟು ಒಂಬತ್ತು ದಿನ ಆಗಿತ್ತು, ಅಷ್ಟೇ.

ಕುಡಿತದಿಂದ ಹೊರಗೆ ಬಂದವರು, ಬರುತ್ತಿರುವವರು, ಅವರ ಮನೆಯವರು ಓದಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಸಿಗರೇಟು ಕೆಟ್ಟದ್ದು ಅಂತ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ನಮ್ಮಂಥವರಿಗೆ ಅದನ್ನು ಬಿಡುವುದು ಬೇರೆಯೇ ಥರ ಕಷ್ಟ. ಆ ಮಾತನ್ನು ಬಾಯಿಬಿಟ್ಟು ಹೇಳಿದವರು ನನಗೆ ಸಿಕ್ಕಿದ್ದು ತುಂಬಾ ತಡವಾಗಿ.

ನಾನು ಸೇರಿದ ಚಿಕಿತ್ಸಾ ಕೇಂದ್ರದಲ್ಲಿ ಮೊದಲ ದಿನವೇ ಸೇದುವ ಜಾಗ ತೋರಿಸಿದ್ದರು. ಕಟ್ಟಡದ ಹಿಂದೆ ಒಂದು ಮೂಲೆ, ಸಿಮೆಂಟಿನ ಬೆಂಚು. ಮಾತ್ರೆ ಕೊಡುವ ಹೊತ್ತು, ಊಟದ ಹೊತ್ತು ಇದ್ದ ಹಾಗೆ ಸೇದುವ ಹೊತ್ತೂ ಇತ್ತು. ಕೌನ್ಸೆಲರ್ ಹೇಳಿದ್ದು ಇನ್ನೂ ನೆನಪಿದೆ. "ಒಂದೊಂದಾಗಿ ಬಿಡೋಣ. ಮೊದಲು ಕುಡಿತ. ಸಿಗರೇಟು ಆಮೇಲೆ ನೋಡೋಣ." ಅವರು ಕಾಳಜಿಯಿಂದಲೇ ಹೇಳಿದ್ದು. ಕೈ ನಡುಗುತ್ತಿದ್ದ, ನಿದ್ದೆ ಹತ್ತಿರ ಸುಳಿಯದ ಆ ದಿನಗಳಲ್ಲಿ ನನಗೆ ಅದಕ್ಕಿಂತ ದೊಡ್ಡ ಸಮಾಧಾನದ ಮಾತು ಇರಲಿಲ್ಲ. ಆದರೆ ಆ "ಆಮೇಲೆ"ಗೆ ಯಾರೂ ತಾರೀಖು ಹಾಕಲಿಲ್ಲ. ನಾನೂ ಕೇಳಲಿಲ್ಲ.

ಕುಡಿಯುವಾಗ ದಿನಕ್ಕೆ ಹತ್ತು ಹನ್ನೆರಡು ಸೇದುತ್ತಿದ್ದವನು, ಕುಡಿತ ಬಿಟ್ಟ ಮೊದಲ ವರ್ಷ ಇಪ್ಪತ್ತೈದಕ್ಕೆ ಬಂದೆ. ಗ್ಲಾಸು ಇದ್ದ ಜಾಗದಲ್ಲೆಲ್ಲ ಸಿಗರೇಟು ಬಂತು. ಸಿಟ್ಟು ಬಂದರೆ ಸಿಗರೇಟು, ಖುಷಿಯಾದರೆ ಸಿಗರೇಟು, ಫೋನಿನಲ್ಲಿ ಕೆಟ್ಟ ಸುದ್ದಿ ಬಂದರೆ ಮಾತು ಮುಗಿಯುವ ಮೊದಲೇ ಸಿಗರೇಟು. ಮನೆಯವರೂ ಏನೂ ಅನ್ನುತ್ತಿರಲಿಲ್ಲ. ಕುಡಿಯದಿದ್ದರೆ ಸಾಕು, ಇದೊಂದು ಇರಲಿ ಬಿಡು ಅನ್ನುವ ಭಾವ. ಆರು ವರ್ಷ ನಾನು ಆ ರಿಯಾಯಿತಿಯಲ್ಲಿ ಬದುಕಿದೆ.

ಅದರಲ್ಲಿ ಒಳ್ಳೆಯದೂ ಇತ್ತು ಅನ್ನುವುದನ್ನು ಮುಚ್ಚಿಡಲಾರೆ. ಕುಡಿತ ಬಿಡುವವರು ಸೇರಿ ಒಬ್ಬರಿಗೊಬ್ಬರು ನೆರವಾಗುವ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಮೀಟಿಂಗಿನ ಒಳಗೆ ಬಾಯಿ ಬಿಡದವರು ಬಿಡುವಿನಲ್ಲಿ ಹೊರಗೆ ನಿಂತು ಒಂದು ಸಿಗರೇಟು ಹಚ್ಚಿದರೆ ಮಾತಾಡುತ್ತಿದ್ದರು. ನಾನು ಮೊದಲ ಬಾರಿಗೆ ನಿಜ ಹೇಳಿದ್ದು ಅಲ್ಲೇ. ಅಪರಿಚಿತರೊಬ್ಬರು ಬೆಂಕಿಕಡ್ಡಿ ಗೀರಿ ನನ್ನ ಮುಖದ ಹತ್ತಿರ ಹಿಡಿದರು. ನನ್ನ ಕೈ ನಡುಗುತ್ತಿದ್ದುದನ್ನು ನೋಡಿ ಏನೂ ಕೇಳದೆ ಅವರೇ ಹಚ್ಚಿಕೊಟ್ಟರು. ಅವರನ್ನು ನಾವೆಲ್ಲ ಅಣ್ಣ ಅಂತ ಕರೆಯುತ್ತಿದ್ದೆವು.

ಅಣ್ಣ ಕುಡಿತ ಬಿಟ್ಟು ಇಪ್ಪತ್ತೆರಡು ವರ್ಷವಾಗಿತ್ತು. ಎಷ್ಟೋ ಜನರನ್ನು ಕೈಹಿಡಿದು ಮೀಟಿಂಗಿಗೆ ಕರೆತಂದವರು. ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದರೂ ಎತ್ತುತ್ತಿದ್ದರು. ಕೊನೆಕೊನೆಗೆ ಆ ಫೋನಿನಲ್ಲಿ ಮಾತಿಗಿಂತ ಕೆಮ್ಮು ಜಾಸ್ತಿ ಕೇಳುತ್ತಿತ್ತು. ಶ್ವಾಸಕೋಶದ ಕ್ಯಾನ್ಸರ್ ಅಂತ ಗೊತ್ತಾಗುವ ಹೊತ್ತಿಗೆ ಡಾಕ್ಟರ ಕೈಯಲ್ಲಿ ಮಾಡುವುದು ಹೆಚ್ಚೇನೂ ಉಳಿದಿರಲಿಲ್ಲ. ನಾನು ಕೊನೆಯ ಸಲ ನೋಡಲು ಹೋದಾಗ ಮೂಗಿಗೆ ಆಕ್ಸಿಜನ್ ಕೊಳವೆ ಇತ್ತು. ನನ್ನ ಅಂಗಿಯ ಜೇಬನ್ನೇ ನೋಡುತ್ತಿದ್ದರು. ಪ್ಯಾಕೆಟ್ಟು ಅಲ್ಲಿತ್ತು. ನಾನು ಕೈಯಿಂದ ಮುಚ್ಚಿಕೊಂಡೆ. "ಮುಚ್ಚಬೇಡ," ಅಂದರು. "ನಿನಗೆ ಹೇಳಬೇಕಾಗಿದ್ದವನು ನಾನು. ಹೇಳಲಿಲ್ಲ."

ಅವರು ಹೋದ ಮೇಲೆ ಎಲ್ಲರೂ ಒಂದೇ ಮಾತು ಹೇಳಿದರು: ಕೊನೆಯವರೆಗೂ ಒಂದು ತೊಟ್ಟು ಮುಟ್ಟಲಿಲ್ಲ. ನಿಜ. ಆ ಮಾತು ಹೇಳಿ ಹೊರಗೆ ಬಂದು ನಾವು ಐದಾರು ಜನ ಸಿಗರೇಟು ಹಚ್ಚಿದೆವು. ನನ್ನ ಕೈಯಲ್ಲಿದ್ದುದನ್ನು ಅವತ್ತು ಪೂರ್ತಿ ಸೇದಲು ಆಗಲಿಲ್ಲ.

ಇದು ಅಣ್ಣ ಒಬ್ಬರ ಕಥೆಯಲ್ಲ ಅನ್ನುವುದು ಓದುತ್ತಾ ಹೋದ ಹಾಗೆ ತಿಳಿಯಿತು. 1935ರಲ್ಲಿ ಅಮೆರಿಕದ ಅಕ್ರನ್ ಪಟ್ಟಣದಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್ ಶುರು ಮಾಡಿದ ಇಬ್ಬರಲ್ಲಿ ಬಿಲ್ ವಿಲ್ಸನ್ ಒಬ್ಬರು. 1934ರ ಡಿಸೆಂಬರಿನಲ್ಲಿ ಕುಡಿತ ಬಿಟ್ಟವರು ಮತ್ತೆ ಮುಟ್ಟಲಿಲ್ಲ. ಸಿಗರೇಟನ್ನು ಮಾತ್ರ ಜೀವನದ ಬಹುಭಾಗ ಸೇದಿದರು. ಶ್ವಾಸಕೋಶ ಹಾಳಾಗುವ ಎಂಫಿಸೀಮ ಅವರನ್ನು ಹಿಡಿಯಿತು, 1971ರ ಜನವರಿಯಲ್ಲಿ ತೀರಿಕೊಂಡರು. ಲೆಕ್ಕವಿಲ್ಲದಷ್ಟು ಜನರಿಗೆ ದಾರಿ ತೋರಿಸಿದ ಮನುಷ್ಯ ಅವರು. ಅವರನ್ನು ದೂರುವ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ಅವರೂ ನಮ್ಮ ಹಾಗೇ ಅದೇ ಬೆಂಚಿನ ಮೇಲೆ ಕೂತಿದ್ದರು ಅನ್ನಿಸುತ್ತದೆ.

1996ರಲ್ಲಿ ಅಮೆರಿಕದ ಜಾಮಾ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. 1972ರಿಂದ 1983ರವರೆಗೆ ಕುಡಿತ ಮತ್ತು ಬೇರೆ ಅಮಲಿನ ಚಟಕ್ಕೆ ಆಸ್ಪತ್ರೆಯಲ್ಲಿದ್ದು ಚಿಕಿತ್ಸೆ ಪಡೆದ 845 ಜನರಿಗೆ ಮುಂದೆ ಏನಾಯಿತು ಅಂತ ಮೇಯೋ ಕ್ಲಿನಿಕ್ಕಿನ ವೈದ್ಯರು ನೋಡಿದ್ದರು. ಅವರಲ್ಲಿ ತೀರಿಕೊಂಡವರ ಪೈಕಿ, ಸಾವಿನ ಕಾರಣ ಗೊತ್ತಾದವರನ್ನು ತೆಗೆದುಕೊಂಡರೆ, ಶೇ. 50.9 ಜನರ ಸಾವಿಗೆ ತಂಬಾಕಿನ ನಂಟು ಇತ್ತು. ಮದ್ಯದ ನಂಟು ಇದ್ದದ್ದು ಶೇ. 34.1ಕ್ಕೆ. ಈ ಎರಡು ಅಂಕಿಗಳನ್ನು ಓದಿದ ದಿನ ನಾನು ಪುಟ ಮುಂದೆ ತಿರುಗಿಸಲಿಲ್ಲ. ಕುಡಿತದಿಂದ ಬದುಕಿಸಿಕೊಂಡ ಜನರನ್ನು ನಾವು ಯಾರ ಕೈಗೆ ಒಪ್ಪಿಸುತ್ತಿದ್ದೇವೆ ಅನ್ನುವುದು ಅಲ್ಲಿ ಬರೆದಿತ್ತು. ಇನ್ನೂ ಒಂದು ಮಾತಿದೆ. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿನ ವಿಷಯದಲ್ಲಿ ಮದ್ಯ ಮತ್ತು ಹೊಗೆ ಎರಡೂ ಸೇರಿದಾಗ ಅಪಾಯ ಬರೀ ಕೂಡಿಕೊಳ್ಳುವುದಿಲ್ಲ, ಒಂದು ಇನ್ನೊಂದನ್ನು ಎಷ್ಟೋ ಪಟ್ಟು ಹೆಚ್ಚಿಸುತ್ತದೆ. ನಾವು ಇಪ್ಪತ್ತು ವರ್ಷ ಎರಡನ್ನೂ ಒಟ್ಟಿಗೆ ಮಾಡಿದವರು, ಅಲ್ವಾ?

ಆದರೂ ಬಿಡಲು ಭಯ. ಕ್ಯಾನ್ಸರಿನ ಭಯಕ್ಕಿಂತ ದೊಡ್ಡ ಭಯ ಅದು: ಸಿಗರೇಟು ಬಿಟ್ಟರೆ ಮತ್ತೆ ಕುಡಿದುಬಿಡುತ್ತೇನೆ. ನಮ್ಮ ನಡುವೆ ಈ ಮಾತು ಎಷ್ಟು ಸಹಜವಾಗಿ ಓಡಾಡುತ್ತದೆ ಅಂದರೆ ಯಾರೂ ಅದನ್ನು ನಿಜವಾ ಅಂತ ಕೇಳುವುದೇ ಇಲ್ಲ. ನನಗೆ ಕೇಳಲೇಬೇಕಿತ್ತು. 2004ರಲ್ಲಿ ಸಂಶೋಧಕರು, ಚಟದ ಚಿಕಿತ್ಸೆಯಲ್ಲಿದ್ದವರಿಗೆ ಧೂಮಪಾನ ಬಿಡಲೂ ನೆರವು ಕೊಟ್ಟು ನೋಡಿದ 19 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದರು. ಹಾಗೆ ನೆರವು ಪಡೆದವರು ದೀರ್ಘಕಾಲ ಮದ್ಯ ಮತ್ತು ಮಾದಕ ವಸ್ತುಗಳಿಂದ ದೂರ ಉಳಿಯುವ ಸಾಧ್ಯತೆ ಶೇ. 25ರಷ್ಟು ಜಾಸ್ತಿ ಇತ್ತು. ಸಿಗರೇಟು ಕುಡಿತವನ್ನು ತಡೆಯುತ್ತಿದೆ ಅನ್ನುವ ನಂಬಿಕೆಗೆ ಇದು ನೇರ ಉಲ್ಟಾ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಓದುವವರಿಗೆ ಮೋಸ ಮಾಡಿದ ಹಾಗೆ. ಅದೇ 2004ರಲ್ಲಿ ಇನ್ನೊಂದು ಪ್ರಯೋಗದ ಫಲ ಬಂತು. ಕುಡಿತದ ಚಿಕಿತ್ಸೆಯಲ್ಲಿದ್ದ 499 ಜನ ಧೂಮಪಾನಿಗಳನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಕುಡಿತದ ಜೊತೆಯಲ್ಲೇ ಸಿಗರೇಟು ಬಿಡಲು ಸಹಾಯ, ಇನ್ನೊಂದಕ್ಕೆ ಆರು ತಿಂಗಳು ತಡೆದು. ಕೊನೆಗೆ ಸಿಗರೇಟು ಬಿಟ್ಟವರ ಪ್ರಮಾಣ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಆದರೆ ಒಟ್ಟಿಗೆ ಬಿಡಲು ಹೊರಟ ಗುಂಪಿನಲ್ಲಿ ಕುಡಿತದಿಂದ ದೂರ ಉಳಿದವರು ಕಡಿಮೆ ಇದ್ದರು. ಹಾಗಾಗಿ ಎಲ್ಲರೂ ಮೊದಲ ದಿನವೇ ಎರಡನ್ನೂ ಬಿಡಿ ಅಂತ ನಾನು ಹೇಳಲಾರೆ. ಕೆಲವರಿಗೆ ಒಟ್ಟಿಗೆ ಆಗುತ್ತದೆ, ಕೆಲವರಿಗೆ ಕಾಯುವುದು ಒಳ್ಳೆಯದು. ನಿಮ್ಮ ಡಾಕ್ಟರ ಜೊತೆ ಕೂತು ತೀರ್ಮಾನಿಸುವ ಮಾತು ಅದು. ಆದರೆ ಆ ಪ್ರಯೋಗದಲ್ಲಿ ತಡೆದದ್ದು ಆರು ತಿಂಗಳು. ನಾನು ತಡೆದದ್ದು ಆರು ವರ್ಷ. ಅಣ್ಣ ಇಪ್ಪತ್ತೆರಡು.

ಕೊನೆಗೆ ಡಾಕ್ಟರ ಹತ್ತಿರ ಹೋದೆ. ಅವರು ಕೇಳಿದ ಮೊದಲ ಪ್ರಶ್ನೆ ದಿನಕ್ಕೆ ಎಷ್ಟು ಅಂತ ಇರಲಿಲ್ಲ. "ಬೆಳಗ್ಗೆ ಎದ್ದು ಎಷ್ಟು ನಿಮಿಷಕ್ಕೆ ಮೊದಲನೆಯದು ಹಚ್ಚುತ್ತೀರಿ?" ಐದು ನಿಮಿಷದೊಳಗೆ ಅಂದೆ. ಚಟ ಎಷ್ಟು ಗಟ್ಟಿ ಅಂತ ತಿಳಿಯಲು ಅದೇ ಒಳ್ಳೆಯ ಅಳತೆಯಂತೆ. ತಂಬಾಕಿನಲ್ಲಿ ಚಟ ಹತ್ತಿಸುವ ವಸ್ತು ನಿಕೋಟಿನ್. ಅದು ಹೊಗೆಯ ಜೊತೆ ಒಳಗೆ ಹೋದರೆ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಮೆದುಳು ತಲುಪುತ್ತದೆ. ಸುಮಾರು ಎರಡು ಗಂಟೆಯಲ್ಲಿ ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತದೆ. ರಾತ್ರಿ ಮಲಗಿ ಏಳುವಷ್ಟರಲ್ಲಿ ಬಹುಪಾಲು ಖಾಲಿ. ಬೆಳಗಿನ ಮೊದಲ ದಮ್ಮಿನಲ್ಲಿ ಸಿಗುವ ಹಾಯ್ ಅನ್ನುವ ಸುಖ, ಆ ಖಾಲಿತನ ಹುಟ್ಟಿಸಿದ ಚಡಪಡಿಕೆ ಇಳಿದದ್ದು ಅಷ್ಟೇ.

ಇದನ್ನು ಅವರು ಹೇಳುತ್ತಿದ್ದಾಗ ನನಗೆ ಎದೆ ಧಸಕ್ ಅಂತು. ಈ ಪಾಠ ನನಗೆ ಹೊಸದಾಗಿರಲಿಲ್ಲ. ಬೆಳಗ್ಗೆ ಆರು ಗಂಟೆಗೆ ಕೈ ನಡುಕ ನಿಲ್ಲಿಸಲು ಕುಡಿಯುತ್ತಿದ್ದವನು ನಾನು. ಆ ಗುಟುಕು ನಿಲ್ಲಿಸುತ್ತಿದ್ದ ನಡುಕವನ್ನು ಹಿಂದಿನ ರಾತ್ರಿಯ ಗುಟುಕೇ ತಂದಿತ್ತು ಅನ್ನುವುದನ್ನು ನೂರು ಮೀಟಿಂಗುಗಳಲ್ಲಿ ನಾನೇ ಎದ್ದು ನಿಂತು ಹೇಳಿದ್ದೆ. ಹೇಳಿ ಹೊರಗೆ ಬಂದು ಅದೇ ಆಟವನ್ನು ಹೊಗೆಯಲ್ಲಿ ಆಡುತ್ತಿದ್ದೆ. ಆರು ವರ್ಷ ನನಗೆ ಇದು ಕಾಣಲಿಲ್ಲ.

ಔಷಧಿಗಳ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮಂಥವರಿಗೆ ಇಲ್ಲಿ ಗೊತ್ತಿರಬೇಕಾದ ಒಂದೆರಡು ವಿಷಯಗಳಿವೆ. ನನಗೆ ಕೊಟ್ಟದ್ದು 21 ಮಿಲಿಗ್ರಾಂನ ನಿಕೋಟಿನ್ ಪ್ಯಾಚ್, ಜೊತೆಗೆ ನಿಕೋಟಿನ್ ಗಮ್. ಚರ್ಮಕ್ಕೆ ಅಂಟಿಸುವ ಪ್ಯಾಚ್ ದಿನವಿಡೀ ನಿಧಾನವಾಗಿ ನಿಕೋಟಿನ್ ಕೊಡುತ್ತದೆ, ಗಮ್ ತಡೆಯಲಾಗದ ಹೊತ್ತಿಗೆ. ಎರಡನ್ನೂ ಸೇರಿಸಿ ಬಳಸಿದರೆ ಒಂದನ್ನೇ ಬಳಸುವುದಕ್ಕಿಂತ ಹೆಚ್ಚು ಜನರಿಗೆ ಬಿಡಲು ಆಗುತ್ತದೆ. ಗಮ್ಮನ್ನು ಸುಮ್ನೆ ಜಗಿಯುತ್ತಾ ಇರಬಾರದು. ನಾಲಿಗೆ ಚುರುಗುಟ್ಟುವವರೆಗೆ ಜಗಿದು ಕೆನ್ನೆಯ ಸಂದಿಯಲ್ಲಿ ಇಟ್ಟುಕೊಳ್ಳಬೇಕು, ಚುರುಗುಟ್ಟುವುದು ನಿಂತ ಮೇಲೆ ಮತ್ತೆ ಜಗಿಯಬೇಕು. ಬಾಯಿಗೆ ಹೊಡೆದುಕೊಳ್ಳುವ ಕೆಲವು ನಿಕೋಟಿನ್ ಸ್ಪ್ರೇಗಳಲ್ಲಿ ಸ್ವಲ್ಪ ಆಲ್ಕೊಹಾಲ್ ಇರುತ್ತದೆ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಂ ಮಾತ್ರೆ ತೆಗೆದುಕೊಳ್ಳುವವರು, ಆ ರುಚಿಯೂ ಬೇಡ ಅನ್ನುವವರು ಲೇಬಲ್ ಓದಿ, ಡಾಕ್ಟರನ್ನು ಕೇಳಿ. ಸಿಗರೇಟು ಬಿಡಲು ಕೊಡುವ ಬ್ಯುಪ್ರೊಪಿಯಾನ್ ಅನ್ನುವ ಮಾತ್ರೆಯಿಂದ ಫಿಟ್ಸ್ ಬರುವ ಅಪಾಯ ಇರುವುದರಿಂದ, ಕುಡಿತವನ್ನು ಥಟ್ಟನೆ ನಿಲ್ಲಿಸುತ್ತಿರುವವರಿಗೆ ಅದನ್ನು ಕೊಡುವುದಿಲ್ಲ. ಅದಕ್ಕೇ ಹೇಳುವುದು, ಕುಡಿತದ ವಿಷಯವನ್ನು ಡಾಕ್ಟರಿಂದ ಮುಚ್ಚಿಡಬೇಡಿ. ಎಷ್ಟು ವರ್ಷವಾಗಿದ್ದರೂ ಹೇಳಿ.

ಮೊದಲ ಮೂರು ದಿನ ನಾನು ಅಂದುಕೊಂಡಷ್ಟು ಕೆಟ್ಟದಾಗಿರಲಿಲ್ಲ. ಒಂದು ವಾರ ಕಳೆಯಿತು. ಏಳನೆಯ ದಿನ ನನಗೆ ಹುರುಪು ಬಂತು. ಕುಡಿತವನ್ನೇ ಬಿಟ್ಟವನಿಗೆ ಇದೇನು, ಇನ್ನು ಪ್ಯಾಚ್ ಯಾಕೆ ಅಂತ ಕಿತ್ತು ಹಾಕಿದೆ. ಗಮ್ಮನ್ನೂ ಡ್ರಾಯರಿಗೆ ಹಾಕಿದೆ. ಯಾರಿಗೂ ಹೇಳಲಿಲ್ಲ. ಎಂಟನೆಯ ದಿನ ಮಗಳ ಮೇಲೆ ರೇಗಿದೆ. ಒಂಬತ್ತನೆಯ ದಿನ ಸಂಜೆ ಮನೆಗೆ ಬಂದಾಗ ಹೆಂಡತಿ ನನ್ನ ಮುಖವನ್ನೇ ನೋಡಿದಳು, ಏನೂ ಹೇಳಲಿಲ್ಲ. ನಾನು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಅವಳು ನನ್ನ ಬೀರು ತೆಗೆದು ಬಟ್ಟೆಗಳ ಹಿಂದೆ ಕೈ ಹಾಕುತ್ತಿದ್ದಳು. ಹಿಂದೆ ಬಾಟಲಿ ಇಡುತ್ತಿದ್ದ ಜಾಗ ಅದು.

"ಏನು ಹುಡುಕ್ತಿದ್ದೀಯ?"

"ನಿಮಗೆ ಗೊತ್ತು," ಅಂದಳು. "ನೀವು ಎರಡು ದಿನದಿಂದ ಆಗಿನ ಹಾಗೇ ಇದ್ದೀರಿ."

ನನಗೆ ಬಂದ ಸಿಟ್ಟು ಎಂಥದ್ದು ಅಂದರೆ, ಆರು ವರ್ಷ ಒಂದು ತೊಟ್ಟು ಮುಟ್ಟದವನ ಮೇಲೆ ಈ ಅನುಮಾನವಾ, ಹಾಗಿದ್ದರೆ ಕುಡಿದೇ ತೋರಿಸುತ್ತೇನೆ. ಅವಳು ಮಲಗಿದ ಮೇಲೆ ಅಡುಗೆಮನೆಯಲ್ಲಿ ನಿಂತಿದ್ದು ಆ ಸಿಟ್ಟಿನಲ್ಲಿ.

ಚಪ್ಪಲಿಯ ಹತ್ತಿರ ಹೋದವನು ಫೋನ್ ಎತ್ತಿಕೊಂಡೆ. ಯಾಕೆ ಅಂತ ಕೇಳಿದರೆ ಹೇಳಲು ಬರುವುದಿಲ್ಲ. ಆರು ವರ್ಷದ ಅಭ್ಯಾಸ ಕೈಗೆ ಇತ್ತು. ನನ್ನ ಸ್ಪಾನ್ಸರ್, ಅಂದರೆ ಎಎಯಲ್ಲಿ ನನಗೆ ದಾರಿ ತೋರಿಸುವ ಹಿರಿಯ ಸದಸ್ಯರು, ನಿವೃತ್ತ ಶಿಕ್ಷಕರು, ಎಲ್ಲರಿಗೂ ಅವರು ಮೇಷ್ಟ್ರೇ. ಎತ್ತಿದ ತಕ್ಷಣ "ಕುಡೀಬೇಕು ಅನ್ನಿಸ್ತಿದೆ ಮೇಷ್ಟ್ರೇ" ಅಂದೆ. ಅವರು ಗಾಬರಿಯಾಗಲಿಲ್ಲ. ಬೋಧನೆ ಮಾಡಲಿಲ್ಲ.

"ಪ್ಯಾಚ್ ಹಾಕಿದ್ದೀಯಾ?" ಅಂದರು.

"ಇಲ್ಲ. ಎರಡು ದಿನ ಆಯ್ತು ತೆಗೆದು."

"ಇವತ್ತು ಎಷ್ಟು ಕಾಫಿ?"

ಎಣಿಸಿದೆ. ಏಳು ಲೋಟ.

"ಊಟ?"

ಮಾಡಿರಲಿಲ್ಲ.

"ಹಾಗಾದ್ರೆ ಕೇಳು. ಬಂದಿರೋದು ಕುಡಿತ ಅಲ್ಲ. ನಿಕೋಟಿನ್ ಕುಡಿತದ ಹೆಸರು ಹೇಳಿಕೊಂಡು ಬಂದಿದೆ. ನಿನಗೆ ಒಳಗೆ ಚಡಪಡಿಕೆ ಅಂದ್ರೆ ಒಂದೇ ಹೆಸರು ಗೊತ್ತಿರೋದು, ಅದಕ್ಕೇ ಅದನ್ನೇ ಕರೀತಿದ್ದೀಯ. ಗಮ್ ತಗೊಂಡು ಬಾಯಿಗೆ ಹಾಕ್ಕೋ. ಫೋನ್ ಇಡಬೇಡ."

ಗಮ್ ಹಾಕಿಕೊಂಡೆ. ಅವರು ತಮ್ಮ ಹಳೆಯ ಶಾಲೆಯ ಯಾವುದೋ ಜಗಳದ ಕಥೆ ಹೇಳುತ್ತಾ ಕೂತರು. ಅರ್ಧ ಗಂಟೆಯ ಮೇಲೆ ನನ್ನ ಹೆಗಲು ಕೆಳಗೆ ಇಳಿದದ್ದು ನನಗೇ ಗೊತ್ತಾಯಿತು. ಏನೋ ತಿಂದೆ. ಪ್ಯಾಚ್ ಹಚ್ಚಿಕೊಂಡೆ. ಹೆಂಡತಿಯನ್ನು ಎಬ್ಬಿಸಿ ಎಲ್ಲವನ್ನೂ ಹೇಳಿದೆ, ಚಪ್ಪಲಿಯವರೆಗೆ ಹೋದದ್ದನ್ನೂ.

ಕಾಫಿಯ ವಿಷಯ ಮೇಷ್ಟ್ರು ಯಾಕೆ ಕೇಳಿದರು ಅನ್ನುವುದು ಮುಂದಿನ ವಾರ ಡಾಕ್ಟರಿಂದ ತಿಳಿಯಿತು. ಸಿಗರೇಟಿನ ಹೊಗೆಯಲ್ಲಿರುವ ಕೆಲವು ವಸ್ತುಗಳು ಲಿವರಿನಲ್ಲಿ ಕೆಫೀನನ್ನು ಕರಗಿಸುವ ಕಿಣ್ವವನ್ನು ಜಾಸ್ತಿ ಮಾಡುತ್ತವೆ. ಸೇದುವವರ ಮೈಯಲ್ಲಿ ಕಾಫಿ ಬೇಗ ಖಾಲಿಯಾಗುತ್ತದೆ. ಸೇದುವುದು ನಿಂತರೆ ಆ ವೇಗವೂ ಇಳಿಯುತ್ತದೆ. ಅದೇ ಏಳು ಲೋಟ ಕುಡಿದರೂ ರಕ್ತದಲ್ಲಿ ಕೆಫೀನ್ ಎರಡರಷ್ಟು ಆಗಬಹುದು. ಎದೆ ಡವಗುಟ್ಟುವುದು, ನಿದ್ದೆ ಬಾರದಿರುವುದು, ಸುಮ್ಮಸುಮ್ಮನೆ ಗಾಬರಿ. ಇದನ್ನೆಲ್ಲ ನಾನು ನಿಕೋಟಿನ್ ಬಿಟ್ಟದ್ದರ ಫಲ ಅಂತ, ಅದಕ್ಕೂ ಮುಂದೆ ಹೋಗಿ ಕುಡಿತದ ಕರೆ ಅಂತ ತಿಳಿದಿದ್ದೆ. ಕಾಫಿಯನ್ನು ಅರ್ಧಕ್ಕೆ ಇಳಿಸಿದೆ. ಮೂರು ರಾತ್ರಿಯಲ್ಲಿ ನಿದ್ದೆ ಬಂತು. ಕೆಲವು ಮನೋರೋಗದ ಔಷಧಿಗಳೂ ಇದೇ ದಾರಿಯಲ್ಲಿ ಕರಗುತ್ತವೆ. ಒಲಾಂಜಪಿನ್, ಕ್ಲೋಜಪಿನ್ ತೆಗೆದುಕೊಳ್ಳುವವರು ಸಿಗರೇಟು ಬಿಡುವ ಮುಂಚೆಯೇ ತಮ್ಮ ಡಾಕ್ಟರಿಗೆ ತಿಳಿಸಬೇಕು, ಡೋಸ್ ಬದಲಿಸಬೇಕಾಗಬಹುದು.

ಮೈಯ ಚಡಪಡಿಕೆ ಮೂರು ನಾಲ್ಕು ವಾರದಲ್ಲಿ ಇಳಿಯಿತು. ಆಮೇಲೆ ಬಂದದ್ದಕ್ಕೆ ಪ್ಯಾಚ್ ಇರಲಿಲ್ಲ. ಒಂದು ಮಧ್ಯಾಹ್ನ ಅಪ್ಪನ ಹಳೆಯ ಕನ್ನಡಕ ಕೈಗೆ ಸಿಕ್ಕಿತು. ಅವರು ಹೋಗಿ ಮೂರು ವರ್ಷವಾಗಿತ್ತು. ಅವರು ಹೋದ ದಿನ ನಾನು ಅತ್ತಿರಲಿಲ್ಲ. ಕುಡಿಯಲೂ ಇಲ್ಲ. ಹೊರಗೆ ಹೋಗಿ ಒಂದರ ಹಿಂದೆ ಒಂದು ಸೇದಿದ್ದೆ, ಕುಡಿಯದೆ ಇದ್ದೆನಲ್ಲ ಅಂತ ಎಲ್ಲರೂ ಮೆಚ್ಚಿದ್ದರು. ಆ ಮಧ್ಯಾಹ್ನ ಕನ್ನಡಕ ಹಿಡಿದುಕೊಂಡು ಅತ್ತೆ. ಮೂರು ವರ್ಷದ ಹಳೆಯ ಅಳು ಅದು. ಕುಡಿತ ಬಿಟ್ಟಾಗ ಬರುತ್ತದಲ್ಲ, ಮುಚ್ಚಿಟ್ಟದ್ದೆಲ್ಲ ಒಂದೊಂದಾಗಿ ಎದ್ದು ಬರುವ ಕಾಲ, ಅದು ನನಗೆ ಎರಡನೆಯ ಸಲ ಬಂತು. ಮೊದಲ ಸಲ ಅರ್ಧ ಮಾತ್ರ ಬಂದಿತ್ತು, ಉಳಿದರ್ಧ ಹೊಗೆಯ ಕೆಳಗೆ ಇತ್ತು ಅನ್ನುವುದು ಆಗ ತಿಳಿಯಿತು. ಸಿಗರೇಟು ಬಿಡಲು ಹೊರಟ ಗೆಳೆಯರಿಗೆ ನಾನು ಈಗ ಹೇಳುವುದು ಇದನ್ನೇ. ಆ ತಿಂಗಳುಗಳಲ್ಲಿ ಮೀಟಿಂಗುಗಳನ್ನು ಜಾಸ್ತಿ ಮಾಡಿ. ಹೊಸಬರ ಹಾಗೆ ಹೋಗಿ ಕೂತುಕೊಳ್ಳಿ.

ಮನಸ್ಸಿಗೆ ಸಿಗರೇಟು ಬೇಕೇ ಬೇಕು ಅನ್ನುವವರಿಗೆ ಇನ್ನೊಂದು ಸಮಾಧಾನ ಇದೆ. 2014ರಲ್ಲಿ ಬ್ರಿಟನ್ನಿನ ಬಿಎಂಜೆ ಪತ್ರಿಕೆಯಲ್ಲಿ 26 ಅಧ್ಯಯನಗಳನ್ನು ಒಟ್ಟಿಗೆ ನೋಡಿದ ವರದಿ ಬಂತು. ಸೇದುವುದನ್ನು ಮುಂದುವರಿಸಿದವರಿಗೆ ಹೋಲಿಸಿದರೆ ಬಿಟ್ಟವರಲ್ಲಿ ಆತಂಕ, ಖಿನ್ನತೆ, ಒತ್ತಡ ಎಲ್ಲವೂ ಕಡಿಮೆಯಾಗಿದ್ದವು. ನನಗೆ ಅದು ನಿಜ ಅನ್ನಿಸಿದ್ದು ಮೂರನೆಯ ತಿಂಗಳಿನಲ್ಲಿ. ಅದಕ್ಕಿಂತ ಮೊದಲು ಯಾರಾದರೂ ಹೇಳಿದ್ದರೆ ಜಗಳ ಆಡುತ್ತಿದ್ದೆ.

ನಾಲ್ಕನೆಯ ತಿಂಗಳಿನಲ್ಲಿ ಜಾರಿದೆ. ಮನೆಯ ಆಸ್ತಿಯ ವಿಷಯಕ್ಕೆ ಅಣ್ಣನ ಜೊತೆ, ನನ್ನ ಸ್ವಂತ ಅಣ್ಣನ ಜೊತೆ, ಫೋನಿನಲ್ಲಿ ಜೋರು ಮಾತಾಯಿತು. ಫೋನ್ ಇಟ್ಟಾಗ ಪಕ್ಕದಲ್ಲಿದ್ದ ಸಹೋದ್ಯೋಗಿ ಪ್ಯಾಕೆಟ್ಟು ಮುಂದೆ ಹಿಡಿದರು. ಅವರಿಗೆ ಗೊತ್ತಿರಲಿಲ್ಲ. ಅರ್ಧ ಸೇದಿದೆ. ತಲೆ ಸುತ್ತಿತು, ರುಚಿ ಕೆಟ್ಟದಾಗಿತ್ತು. ಇಷ್ಟಕ್ಕೇ ನಿಂತಿದ್ದರೆ ಏನೂ ಇರಲಿಲ್ಲ. ಆದರೆ ಮುಂದಿನ ಎರಡು ಗಂಟೆ ನನ್ನ ತಲೆಯಲ್ಲಿ ಓಡಿದ್ದು ಬೇರೆ: ಎಲ್ಲ ಹಾಳಾಯಿತು, ಇನ್ನು ಒಂದು ಪ್ಯಾಕೆಟ್ಟು ಸೇದಿದರೇನು, ಅದಾದ ಮೇಲೆ ಕುಡಿದರೇನು? ಮನಃಶಾಸ್ತ್ರಜ್ಞ ಅಲನ್ ಮಾರ್ಲಾಟ್ ಇದನ್ನು ಬಹಳ ಹಿಂದೆಯೇ ಗುರುತಿಸಿದ್ದರು. ಒಂದು ಸಲ ಜಾರಿದವನನ್ನು ಪೂರ್ತಿ ಹಿಂದಕ್ಕೆ ಎಳೆಯುವುದು ಆ ಒಂದು ಗುಟುಕು ಅಥವಾ ಒಂದು ದಮ್ಮು ಮಾತ್ರವಲ್ಲ. ಜಾರಿದ ಮೇಲೆ ತನ್ನ ಬಗ್ಗೆ ತಾನು ಹೇಳಿಕೊಳ್ಳುವ ಮಾತುಗಳೂ ಎಳೆಯುತ್ತವೆ.

ಆ ವಾರದ ಮೀಟಿಂಗಿನಲ್ಲಿ ಹೇಳಿದೆ. ಬಿಡುವಿನಲ್ಲಿ ದೊಡ್ಡ ಚರ್ಚೆಯೇ ಆಯಿತು. ನಿನ್ನ ಸೋಬರ್ ತಾರೀಖು, ಅಂದರೆ ಕುಡಿತ ಬಿಟ್ಟ ದಿನ ಅಂತ ಲೆಕ್ಕ ಇಡುವ ತಾರೀಖು, ಬದಲಾಗುತ್ತದಾ? ಒಬ್ಬರು ಹೌದು ಅಂದರು, ಚಟ ಅಂದರೆ ಚಟ, ನಿಕೋಟಿನ್ ಕೂಡ ಅಮಲೇ. ನನಗೆ ಆ ಮಾತಿನಿಂದ ತುಂಬಾ ನೋವಾಯಿತು, ಇವತ್ತಿಗೂ ಅದನ್ನು ಒಪ್ಪುವುದಿಲ್ಲ. ಅವತ್ತು ನನ್ನ ಆರೂವರೆ ವರ್ಷವನ್ನು ಅರ್ಧ ಸಿಗರೇಟಿಗೆ ಸೊನ್ನೆ ಮಾಡಿದ್ದರೆ, ಕಳೆದುಕೊಳ್ಳಲು ಏನೂ ಉಳಿದಿಲ್ಲ ಅಂತ ನಾನು ನಿಜವಾಗಿಯೂ ಕುಡಿಯುತ್ತಿದ್ದೆ. ಹಾಗೆ ಲೆಕ್ಕ ಹೇಳುವವರು ದಯವಿಟ್ಟು ಇದನ್ನು ಯೋಚಿಸಬೇಕು. ಮೇಷ್ಟ್ರು ನನ್ನ ಡೈರಿಯಲ್ಲಿ ಎರಡು ಗೆರೆ ಎಳೆದು ಕೊಟ್ಟರು. ಮೇಲಿನದು ಕುಡಿತದ್ದು, ಅದನ್ನು ಮುಟ್ಟುವ ಹಾಗಿಲ್ಲ. ಕೆಳಗಿನದು ಸಿಗರೇಟಿನದು, ಅದಕ್ಕೆ ಹೊಸ ತಾರೀಖು. ಕೆಳಗಿನ ತಾರೀಖಿಗೆ ಈಗ ಎರಡು ವರ್ಷ ದಾಟಿದೆ.

ತೂಕ ಐದು ಕಿಲೋ ಏರಿದೆ. ಇಳಿಸಬೇಕು. ಮೆಟ್ಟಿಲು ಹತ್ತುವಾಗ ಮಾತಾಡಲು ಆಗುತ್ತದೆ. ಬ್ರಿಟನ್ನಿನ ವೈದ್ಯರನ್ನೇ 1951ರಿಂದ ಐವತ್ತು ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ, 40ರ ವಯಸ್ಸಿನಲ್ಲಿ ಬಿಟ್ಟವರಿಗೆ ಸುಮಾರು 9 ವರ್ಷ, 50ರಲ್ಲಿ ಬಿಟ್ಟವರಿಗೆ ಸುಮಾರು 6 ವರ್ಷ ಆಯಸ್ಸು ಉಳಿಯಿತು ಅಂತ ಇದೆ. ನಾನು ಬಿಟ್ಟದ್ದು ಎರಡರ ನಡುವೆ. ಅಣ್ಣನಿಗೆ ಆ ವರ್ಷಗಳು ಸಿಕ್ಕಿದ್ದರೆ ಇನ್ನೂ ಎಷ್ಟು ಫೋನುಗಳನ್ನು ಎತ್ತುತ್ತಿದ್ದರೋ.

ಮೀಟಿಂಗಿನ ಬಿಡುವಿನಲ್ಲಿ ಈಗಲೂ ಹೊರಗೆ ಹೋಗಿ ನಿಲ್ಲುತ್ತೇನೆ, ಹೊಗೆ ಬಾರದ ಕಡೆ. ಹೊಸಬರು ನಿಜ ಹೇಳುವುದು ಈಗಲೂ ಅಲ್ಲೇ. ಯಾರಾದರೂ ಕೇಳಿದರೆ ಸಿಗರೇಟಿನ ವಿಷಯ ಹೇಳುತ್ತೇನೆ, ಆಮೇಲೆ ಅನ್ನುವವರಿಗೆ ಯಾವ ತಿಂಗಳು ಅಂತ ಕೇಳುತ್ತೇನೆ. ಇಬ್ಬರು ತಾರೀಖು ಹೇಳಿದ್ದಾರೆ. ಅವರ ಡೈರಿಯಲ್ಲೂ ಎರಡು ಗೆರೆ ಇವೆ.

ಹೋದ ತಿಂಗಳು ಒಂದು ಸಂಜೆ ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದೆ. ಹೆಂಡತಿ ಪಕ್ಕದಲ್ಲಿ ಬಂದು ನಿಂತಳು. "ನಿಮಗೆ ಒಂದು ಮಾತು ಹೇಳಿಲ್ಲ ನಾನು," ಅಂದಳು. ಕುಡಿಯುತ್ತಿದ್ದ ದಿನಗಳಲ್ಲಿ ವಾಸನೆ ಮುಚ್ಚಲು ನಾನು ಬಾಗಿಲ ಹೊರಗೆ ನಿಂತು ಸಿಗರೇಟು ಸೇದಿಯೇ ಒಳಗೆ ಬರುತ್ತಿದ್ದೆ. ಅದು ಅವಳಿಗೆ ಗೊತ್ತಿತ್ತು. ಕುಡಿತ ಬಿಟ್ಟ ಮೇಲೂ ನಾನು ಸೇದಿಯೇ ಒಳಗೆ ಬರುತ್ತಿದ್ದೆ.

"ಆರು ವರ್ಷ, ನೀವು ಬಂದ ತಕ್ಷಣ ಹತ್ತಿರ ಬಂದು ಮೂಸಿ ನೋಡ್ತಿದ್ದೆ. ಸಿಗರೇಟಿನ ಹಿಂದೆ ಬೇರೆ ಏನಾದರೂ ಇದೆಯಾ ಅಂತ. ಇದೆ ಅಂತಾನೂ ಗೊತ್ತಾಗ್ತಿರಲಿಲ್ಲ, ಇಲ್ಲ ಅಂತಾನೂ ಗೊತ್ತಾಗ್ತಿರಲಿಲ್ಲ."

"ಈಗ?" ಅಂದೆ.

"ಈಗ ಬಿಸಿಲಿನಲ್ಲಿ ನಡೆದು ಬಂದ ವಾಸನೆ ಬರುತ್ತೆ," ಅಂದಳು. ನನ್ನ ಕೈಯಿಂದ ಚೀಲ ತೆಗೆದುಕೊಂಡು ಒಳಗೆ ಹೋದಳು.